ಹಾರುಬೂದಿ ಬೆರೆಸಿ ‘ಸೆಲ್ಫ್ ಕ್ಯೂರಿಂಗ್’ ಕಾಂಕ್ರೀಟ್ ಹಾಕಿಸಿದರೆ ನೀರು ಹಾಯಿಸುವುದೇ ಬೇಡವೇ?

ಕೃಷ್ಣಾತೀರ

ಎಲ್ಲರಿಗೂ ನಮಸ್ಕಾರ. ರಾಯಚೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೋಡೆಗಳು ಲಿಂಟಲ್ ದಾಟಿವೆ, ಇನ್ನು ಸ್ಲ್ಯಾಬ್ ಹಾಕಿಸಬೇಕು. ವಿಸ್ತೀರ್ಣ ಸುಮಾರು 1,000 ಚದರಡಿ. ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟುತ್ತಿದ್ದು, ಕೊಳವೆಬಾವಿಯ ನೀರು ಮನೆಬಳಕೆಗೇ ಸಾಲುತ್ತಿಲ್ಲ. ಸ್ಲ್ಯಾಬಿನ ಮೇಲೆ ಪಾತಿ ಕಟ್ಟಿ ಎರಡು ವಾರ ನೀರು ನಿಲ್ಲಿಸಬೇಕೆಂದರೆ ಟ್ಯಾಂಕರೇ ಗತಿ.

ನಮ್ಮ ಗುತ್ತಿಗೆದಾರರು ಒಂದು ದಾರಿ ಹೇಳಿದ್ದಾರೆ. ಸಿಮೆಂಟಿನಲ್ಲಿ ಮೂರನೇ ಒಂದು ಪಾಲು ಕಡಿಮೆ ಮಾಡಿ ಅದರ ಜಾಗಕ್ಕೆ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಹೊಗೆಯೊಡನೆ ಹಾರುವ ನುಣ್ಣನೆಯ ಬೂದಿ) ಬೆರೆಸಿ, ಜೊತೆಗೆ ‘ಸೆಲ್ಫ್ ಕ್ಯೂರಿಂಗ್’ ಎಂದು ಡಬ್ಬಿಯ ಮೇಲೆ ಬರೆದಿರುವ ದ್ರವವನ್ನು ಹಾಕಿದರೆ ಕಾಂಕ್ರೀಟ್ ತನ್ನ ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಮೇಲಿನಿಂದ ಒಂದು ಕೊಡ ನೀರೂ ಬೇಕಾಗಿಲ್ಲ ಎನ್ನುತ್ತಾರೆ. ಬೂದಿ ಅಗ್ಗವಾಗಿ ಸಿಗುತ್ತದೆ, ನೀರೂ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಇದರಲ್ಲಿ ಎಷ್ಟು ನಿಜವಿದೆ? ಬೂದಿ ಹಾಕಿದರೆ ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟನ್ನು ತೇವವಾಗಿಟ್ಟು ಗಟ್ಟಿಯಾಗಿಸುವುದಕ್ಕೆ, ಅನುಕೂಲವೇ, ತೊಂದರೆಯೇ? ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ಗುತ್ತಿಗೆದಾರ, ಸಿಂಧನೂರು

ಬೂದಿ ಹಾಕಿಸಿ, ಹೆದರಬೇಡಿ. ನಾವು ಈ ಭಾಗದಲ್ಲಿ ಬಹಳ ಮನೆಗಳಿಗೆ ಹಾಕಿದ್ದೇವೆ, ಸ್ಲ್ಯಾಬ್ ಚೆನ್ನಾಗಿಯೇ ಇವೆ. ಆದರೆ ನೀರು ಬಿಡುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಬಿಸಿಲಿಗೆ ಬೆಳಿಗ್ಗೆ ಹಾಕಿದ ಕಾಂಕ್ರೀಟ್ ಸಂಜೆಯೊಳಗೆ ಬಿರುಕು ತೋರಿಸುತ್ತದೆ.

ಸಿವಿಲ್ ಉಪನ್ಯಾಸಕಿ

ಕೃಷ್ಣಾತೀರ ಅವರೇ, ನಿಮ್ಮ ಗುತ್ತಿಗೆದಾರರ ಸಲಹೆಯಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದಾಗಿ ಬೆರೆತಿವೆ. ಅವನ್ನು ಬಿಡಿಸಿ ನೋಡಿದರೆ ಮಾತ್ರ ಉತ್ತರ ಸಿಗುತ್ತದೆ.

ಮೊದಲನೆಯದು ಹಾರುಬೂದಿ. ಸಿಮೆಂಟು ನೀರಿನೊಡನೆ ವರ್ತಿಸಿದಾಗ ಗಟ್ಟಿ ಕೊಡುವ ಅಂಟಿನ ಜೊತೆಗೆ ಒಂದಷ್ಟು ಸುಣ್ಣವೂ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕೂಡ, ಹುಟ್ಟುತ್ತದೆ. ಹಾರುಬೂದಿಯಲ್ಲಿರುವ ಸಿಲಿಕಾ ಆ ಸುಣ್ಣವನ್ನು ಹಿಡಿದು ಮತ್ತಷ್ಟು ಅಂಟನ್ನು ಮಾಡುತ್ತದೆ. ಈ ಕ್ರಿಯೆ ನಿಧಾನವಾದದ್ದು. 28 ದಿನಗಳಲ್ಲಿ ಹಿಂದೆ ಬಿದ್ದಂತೆ ಕಾಣುವ ಬೂದಿ ಕಾಂಕ್ರೀಟು, ತೇವ ಸಿಕ್ಕಿದ್ದರೆ, 90 ದಿನಗಳ ಹೊತ್ತಿಗೆ ಬರಿಯ ಸಿಮೆಂಟಿನ ಕಾಂಕ್ರೀಟನ್ನು ಮೀರಿಸಬಲ್ಲದು. ಆದರೆ ಅಷ್ಟು ಕಾಲವೂ ಒಳಗೆ ತೇವ ಇರಬೇಕು. ಹೀಗಾಗಿ ಬೂದಿ ಹಾಕಿದ ಮೇಲೆ ಕ್ಯೂರಿಂಗಿನ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಹ ಇದನ್ನೇ ಹೇಳುತ್ತದೆ: ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಒಣ ಹವೆ ಮತ್ತು ಬಿಸಿಲಿರುವಲ್ಲಿ ಕನಿಷ್ಠ 10 ದಿನ, ಬೂದಿಯಂಥ ಖನಿಜ ಬೆರಕೆ ಅಥವಾ ಮಿಶ್ರ ಸಿಮೆಂಟು ಬಳಸಿದಾಗ 14 ದಿನಗಳವರೆಗೆ ವಿಸ್ತರಿಸುವುದು ಒಳಿತು.

ಎರಡನೆಯದು ಆ ಡಬ್ಬಿಯ ದ್ರವ. ಹೆಚ್ಚಾಗಿ ಅದು ಪಾಲಿಎಥಿಲೀನ್ ಗ್ಲೈಕಾಲ್ ಆಗಿರುತ್ತದೆ. ಅದು ಕಾಂಕ್ರೀಟಿನಲ್ಲಿರುವ ನೀರು ಬೇಗ ಆವಿಯಾಗದಂತೆ ತಡೆಯುತ್ತದೆ ಅಷ್ಟೇ, ಹೊಸದಾಗಿ ಒಂದು ಹನಿ ನೀರನ್ನೂ ತಂದುಕೊಡುವುದಿಲ್ಲ. ಪ್ರಮಾಣ ಮೀರಿದರೆ ಬಲವೂ ಕುಂದುತ್ತದೆ.

ಮನೆ ಮಾಲೀಕ, ಹೊಸಪೇಟೆ

ಹಾಗಾದರೆ ‘ಸೆಲ್ಫ್ ಕ್ಯೂರಿಂಗ್’ ಎನ್ನುವುದೇ ಸುಳ್ಳೇ ಮೇಡಂ?

ಸಿವಿಲ್ ಉಪನ್ಯಾಸಕಿ

ಸುಳ್ಳಲ್ಲ, ಆದರೆ ಅದು ಹುಟ್ಟಿದ್ದು ಬೇರೆ ಕಾಯಿಲೆಗೆ. ನೀರು-ಸಿಮೆಂಟಿನ ಅನುಪಾತ 0.42ಕ್ಕಿಂತ ಕಡಿಮೆಯಿರುವ, ದಟ್ಟವಾದ, ಹೆಚ್ಚು ಬಲದ ಕಾಂಕ್ರೀಟಿನಲ್ಲಿ ಸಿಮೆಂಟಿನ ಕ್ರಿಯೆ ಪೂರ್ತಿಯಾಗುವಷ್ಟು ನೀರು ಮೊದಲೇ ಇರುವುದಿಲ್ಲ. ಹೊರಗಿನಿಂದ ಎಷ್ಟು ನೀರು ನಿಲ್ಲಿಸಿದರೂ ದಟ್ಟಣೆಯ ಕಾರಣ ಅದು ಕೆಲವು ಮಿಲಿಮೀಟರು ಮಾತ್ರ ಒಳಗೆ ಹೋಗುತ್ತದೆ. ಒಳಭಾಗ ತನ್ನ ನೀರನ್ನು ತಾನೇ ಕುಡಿದು ಒಣಗಿ, ಕುಗ್ಗಿ, ಬಿರುಕು ಬಿಡುತ್ತದೆ. ಇದಕ್ಕೆ ಪರಿಹಾರವಾಗಿ ನೀರನ್ನು ಹೀರಿಟ್ಟುಕೊಂಡ ಸೂಕ್ಷ್ಮ ರಂಧ್ರಗಳ ಜಲ್ಲಿಯನ್ನೋ ಮರಳನ್ನೋ ಮಿಶ್ರಣದೊಳಗೇ ಹಾಕುತ್ತಾರೆ. ಸಿಮೆಂಟಿಗೆ ಬೇಕಾದಾಗ ಆ ಕಣಗಳು ನೀರನ್ನು ಬಿಟ್ಟುಕೊಡುತ್ತವೆ. ಒಳಗಿನಿಂದ ಆಗುವ ಕ್ಯೂರಿಂಗ್ ಎಂದರೆ ಇದು. ಅಮೆರಿಕದ ಟೆಕ್ಸಾಸಿನ ಹಚಿನ್ಸ್‌ನಲ್ಲಿ 2005ರಲ್ಲಿ ಒಂದು ರೈಲ್ವೆ ಸರಕು ಅಂಗಳದ ನೆಲಕ್ಕೆ ಸುಮಾರು 1,90,000 ಘನ ಮೀಟರು ಕಾಂಕ್ರೀಟನ್ನು ಈ ವಿಧಾನದಲ್ಲಿ ಹಾಕಿದರು.

ಮನೆಯ ಸ್ಲ್ಯಾಬಿನ ಕಥೆ ಬೇರೆ. ಅಲ್ಲಿ ಅನುಪಾತ 0.5ರ ಆಸುಪಾಸಿನಲ್ಲಿರುತ್ತದೆ, ಬೇಕಾದಷ್ಟು ನೀರು ಒಳಗೇ ಇದೆ. ಮೇಲ್ಮೈಯಿಂದ ಅದು ಹಾರಿಹೋಗದಂತೆ ನೋಡಿಕೊಳ್ಳುವುದೇ ಅಲ್ಲಿನ ಕೆಲಸ.

ಪ್ಲಾಂಟ್ ಕ್ಯೂಸಿ, ಬೆಂಗಳೂರು

ಮೇಡಂ ಹೇಳಿದ್ದನ್ನು ನಾನೂ ಒಪ್ಪುತ್ತೇನೆ, ಆದರೆ ಒಂದು ತಕರಾರಿದೆ. 0.5 ಅನುಪಾತದ ಸಾಮಾನ್ಯ ಕಾಂಕ್ರೀಟಿಗೆ ಒಳಗಿನ ನೀರಿನಿಂದ ಏನೂ ಪ್ರಯೋಜನವಿಲ್ಲ ಎನ್ನುವಂತಿಲ್ಲ. ರಾಯಚೂರಿನಂಥ ಒಣ ಹವೆಯಲ್ಲಿ ಮೇಲಿನ ಪದರದ ನೀರು ಹಾರಿಹೋದರೆ ಅಲ್ಲಿನ ಅನುಪಾತ 0.5 ಆಗಿ ಉಳಿಯುವುದೇ ಇಲ್ಲ. ಅಂಥಲ್ಲಿ ನೀರು ಹಿಡಿದ ಜಲ್ಲಿ ಸ್ವಲ್ಪವಾದರೂ ಕೈಹಿಡಿಯುತ್ತದೆ.

ಬೆಂಗಳೂರಿನಲ್ಲಿ 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದಾಗಿನಿಂದ ನಮ್ಮ ಕಡೆ ಈ ವಿಷಯಕ್ಕೆ ಬೆಲೆ ಬಂದಿದೆ. ಅದುವರೆಗೆ ಒಳಗಿನ ಕ್ಯೂರಿಂಗ್ ಎಂದರೆ ಪ್ರಬಂಧಗಳಲ್ಲಿ ಓದುವ ವಿಷಯವಾಗಿತ್ತು.

ನಮ್ಮಲ್ಲಿ ಪ್ರಾಯೋಗಿಕವಾಗಿ ಬಳಸಿ ನೋಡಿದ್ದು ಹಾರುಬೂದಿಯನ್ನು ಉಂಡೆ ಕಟ್ಟಿ ಕುಲುಮೆಯಲ್ಲಿ ಸುಟ್ಟು ಮಾಡಿದ ಹಗುರ ಜಲ್ಲಿ. ಇದಕ್ಕೆ ಐಎಸ್ 9142ರ ಎರಡನೇ ಭಾಗ (2018) ಎಂಬ ಮಾನಕವೂ ಇದೆ. ಕೈಯಲ್ಲಿ ಹಿಡಿದರೆ ಕಡಲೆಗಾತ್ರದ ಕಂದು ಬೂದು ಗುಂಡುಗಳು. ಒಡೆದು ನೋಡಿದರೆ ಒಳಗೆಲ್ಲ ಸೂಜಿಮೊನೆಯಂಥ ರಂಧ್ರಗಳು. ತೂಕದ ಶೇ 15ರಷ್ಟಾದರೂ ನೀರು ಕುಡಿಯುತ್ತವೆ. ರಾಶಿ ಹಾಕಿ ಮೇಲೆ ಸ್ಪ್ರಿಂಕ್ಲರ್ ಬಿಟ್ಟು ಎರಡು ಮೂರು ದಿನ ನೆನೆಸಿ, ಬಳಸುವ ಮುನ್ನ ಬಸಿಯಲು ಬಿಡಬೇಕು. ಬಸಿದ ಮೇಲೂ ಗುಂಡಿನ ಮೈಮೇಲೆ ಒಂದು ಪದರ ನೀರು ಅಂಟಿಕೊಂಡಿರುತ್ತದೆ. ಅದನ್ನು ಬಟ್ಟೆಯಲ್ಲಿ ಒರೆಸಿ ತೂಗಿ, ಎಷ್ಟಿದೆ ಎಂದು ಲೆಕ್ಕ ಹಾಕಿ ಮಿಶ್ರಣದ ನೀರಿನಿಂದ ಕಳೆಯದಿದ್ದರೆ ಅನುಪಾತವೇ ಕೆಡುತ್ತದೆ. ಸರಿಯಾಗಿ ನೆನೆಯದಿದ್ದರೆ ಇನ್ನೊಂದು ಆಪತ್ತು: ಪಂಪಿನ ಒತ್ತಡಕ್ಕೆ ಗುಂಡುಗಳು ಮಿಶ್ರಣದ ನೀರನ್ನೇ ಕುಡಿದುಬಿಡುತ್ತವೆ, ಪೈಪಿನೊಳಗೆ ಕಾಂಕ್ರೀಟು ಕಟ್ಟಿಕೊಳ್ಳುತ್ತದೆ.

ಕೃಷ್ಣಾತೀರ

ಎಷ್ಟು ಜಲ್ಲಿ ಹಾಕಬೇಕು ಎಂಬುದಕ್ಕೆ ಲೆಕ್ಕವಿದೆಯೇ ಸರ್?

ಪ್ಲಾಂಟ್ ಕ್ಯೂಸಿ, ಬೆಂಗಳೂರು

ಇದೆ. 100 ಕಿಲೋ ಸಿಮೆಂಟಿಗೆ ಸುಮಾರು 7 ಕಿಲೋ ನೀರನ್ನು ಒಳಗೆ ದಾಸ್ತಾನು ಇಡಬೇಕು ಎಂಬುದು ಎಲ್ಲರೂ ಹಿಡಿಯುವ ಅಂದಾಜು. ಒಂದು ಘನ ಮೀಟರಿಗೆ 350 ಕಿಲೋ ಸಿಮೆಂಟು ಎಂದುಕೊಂಡರೆ 24.5 ಕಿಲೋ ನೀರು ಬೇಕು. ಜಲ್ಲಿ ಶೇ 15 ಹೀರಿ ಅದರಲ್ಲಿ ಶೇ 90ರಷ್ಟನ್ನು ಮರಳಿ ಬಿಟ್ಟುಕೊಡುತ್ತದೆ ಎಂದರೆ ಸುಮಾರು 180 ಕಿಲೋ ಹಗುರ ಜಲ್ಲಿ ಬೇಕಾಗುತ್ತದೆ. ಅಷ್ಟೇ ಗಾತ್ರದ ಕಲ್ಲುಜಲ್ಲಿ ಅಥವಾ ಎಂ-ಸ್ಯಾಂಡನ್ನು ಕಡಿಮೆ ಮಾಡಬೇಕು. ತೂಕಕ್ಕೆ ತೂಕ ಬದಲಾಯಿಸಬಾರದು, ಗಾತ್ರಕ್ಕೆ ಗಾತ್ರ ಬದಲಾಯಿಸಬೇಕು.

ಸಿವಿಲ್ ಉಪನ್ಯಾಸಕಿ

ಈ 7 ಕಿಲೋ ಲೆಕ್ಕ ಬರಿಯ ಸಿಮೆಂಟಿಗೆ ಮಾತ್ರ ಸಲ್ಲುತ್ತದೆ ಎಂಬುದನ್ನು ಸೇರಿಸಬೇಕು. ಒಂದು ಗ್ರಾಂ ಸಿಮೆಂಟು ಪೂರ್ತಿ ವರ್ತಿಸಿದಾಗ ಉಂಟಾಗುವ ಕುಗ್ಗುವಿಕೆಯನ್ನು ತುಂಬಲು ಸುಮಾರು 0.07 ಗ್ರಾಂ ನೀರು ಸಾಕು. ಅದೇ ಸ್ಲ್ಯಾಗಿಗೆ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ) 0.18, ಸಿಲಿಕಾ ಫ್ಯೂಮಿಗೆ (ಸಿಲಿಕಾನ್ ಕುಲುಮೆಯ ಹೊಗೆಯಿಂದ ಹಿಡಿದ ಅತಿನುಣ್ಣನೆಯ ಪುಡಿ) 0.22 ಎಂದು ಲೆಕ್ಕ ಹಿಡಿಯುತ್ತಾರೆ. ಸಿಮೆಂಟಿನ ಅರ್ಧ ಭಾಗವನ್ನು ಸ್ಲ್ಯಾಗಿನಿಂದ ತುಂಬಿದ 350 ಕಿಲೋ ಮಿಶ್ರಣದಲ್ಲಿ ಎಲ್ಲವೂ ವರ್ತಿಸಿದರೆ ಬೇಕಾಗುವ ನೀರು ಸುಮಾರು 44 ಕಿಲೋ. ಸ್ಲ್ಯಾಗೆಲ್ಲ ವರ್ತಿಸುವುದಿಲ್ಲವಾದ್ದರಿಂದ ನಿಜದ ಅಗತ್ಯ ಅದಕ್ಕಿಂತ ಕಡಿಮೆ, ಆದರೂ 24.5ಕ್ಕಿಂತ ಹೆಚ್ಚೇ.

ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ತಿರುಳು ಇಲ್ಲಿದೆ. ಕಾರ್ಖಾನೆಗಳ ಉಪೋತ್ಪನ್ನಗಳಲ್ಲಿ ಎರಡು ಬಗೆ. ಹಾರುಬೂದಿ, ಸ್ಲ್ಯಾಗ್ ಪುಡಿ, ಸಿಲಿಕಾ ಫ್ಯೂಮ್‌ಗಳು ಸಿಮೆಂಟಿನ ಜಾಗಕ್ಕೆ ಬರುತ್ತವೆ, ಹೆಚ್ಚು ಹೊತ್ತು ನೀರು ಬೇಡುತ್ತವೆ. ಸುಟ್ಟ ಬೂದಿ ಜಲ್ಲಿ, ಬಾಟಮ್ ಆ್ಯಶ್ (ಬಾಯ್ಲರಿನ ತಳದ ದಪ್ಪ ಬೂದಿ), ಹೆಂಚಿನ ಚೂರಿನಂಥವು ಮರಳು-ಜಲ್ಲಿಯ ಜಾಗಕ್ಕೆ ಬಂದು ನೀರನ್ನು ಹೊತ್ತುಕೊಂಡಿರುತ್ತವೆ. ಬೇಡುವುದನ್ನೂ ಕೊಡುವುದನ್ನೂ ಒಂದೇ ಮಿಶ್ರಣದಲ್ಲಿ ಜೋಡಿಸಿದರೆ ಮಾತ್ರ ಉಪೋತ್ಪನ್ನದಿಂದ ಒಳಗಿನ ಕ್ಯೂರಿಂಗಿಗೆ ಬಲ ಬರುತ್ತದೆ. ಮೊದಲನೆಯದನ್ನಷ್ಟೇ ಹಾಕಿ ನೀರನ್ನು ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ದುಬೈ ಕನ್ನಡಿಗ

ಮೇಡಂ ಮಾತಿಗೆ ಇಲ್ಲಿಂದ ಒಂದು ಪುಷ್ಟಿ. ಬುರ್ಜ್ ಖಲೀಫಾದ ಪೈಲುಗಳ (ನೆಲದಾಳಕ್ಕೆ ಇಳಿಸಿದ ಅಡಿಪಾಯದ ಕಂಬಗಳ) ಕಾಂಕ್ರೀಟಿನಲ್ಲಿ ಶೇ 25 ಹಾರುಬೂದಿ, ಶೇ 7 ಸಿಲಿಕಾ ಫ್ಯೂಮ್ ಇತ್ತು, ನೀರಿನ ಅನುಪಾತ 0.32. ಉಪ್ಪುನೀರಿನ ನೆಲದಲ್ಲಿ ಕಬ್ಬಿಣ ತುಕ್ಕು ಹಿಡಿಯದಿರಲಿ ಎಂದೇ ಅಷ್ಟು ದಟ್ಟ ಮಾಡಿದ್ದರು. ಕೊಲ್ಲಿಯ ಬಿಸಿಲಿನಲ್ಲಿ ನಾವು ಸ್ಲ್ಯಾಬ್ ಹಾಕುವುದು ರಾತ್ರಿಯೇ. ಹಗಲು ಹಾಕಿ ಆಮೇಲೆ ರಾಸಾಯನಿಕದಿಂದ ಸರಿಮಾಡುತ್ತೇನೆ ಎನ್ನುವವರನ್ನು ಯಾರೂ ಕೆಲಸದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಬೂದಿಹೊಂಡದ ಪಕ್ಕದವನು

ಶಕ್ತಿನಗರದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ರಾಯಚೂರು ಶಾಖೋತ್ಪನ್ನ ಕೇಂದ್ರ 1,720 ಮೆಗಾವ್ಯಾಟಿನದು. ಹತ್ತಿರದಲ್ಲೇ ಯರಮರಸ್, ಅತ್ತ ಬಳ್ಳಾರಿಯ ಕುಡಿತಿನಿಯ ಕೇಂದ್ರಗಳೂ ಇವೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿನಷ್ಟು ಬೂದಿಯೇ ಇರುವುದರಿಂದ ಬೂದಿಗೆ ಇಲ್ಲಿ ಬರವಿಲ್ಲ. ಆದರೆ ‘ಶಕ್ತಿನಗರದ ಬೂದಿ’ ಎಂದರೆ ಯಾವ ಬೂದಿ ಎಂದು ಮೊದಲು ಕೇಳಿ.

ಚಿಮಣಿಗೆ ಹೋಗುವ ಹೊಗೆಯಿಂದ ವಿದ್ಯುತ್ ಶೋಧಕಗಳು ಹಿಡಿದ ಒಣ ಬೂದಿ ಒಂದು. ಅದು ಸೈಲೋದಿಂದ ಮುಚ್ಚಿದ ಬಲ್ಕರ್ ಲಾರಿಗಳಲ್ಲಿ ಹೋಗುತ್ತದೆ, ಹಿಟ್ಟಿನಷ್ಟು ನುಣ್ಣಗಿರುತ್ತದೆ. ಬಾಯ್ಲರಿನ ತಳಕ್ಕೆ ಬೀಳುವ ದಪ್ಪ, ಕರಕಲು ಬೂದಿ ಇನ್ನೊಂದು. ಒಟ್ಟು ಬೂದಿಯಲ್ಲಿ ಸುಮಾರು ಐದನೇ ಒಂದು ಪಾಲು ಇದು. ಇದನ್ನೇ ಬಾಟಮ್ ಆ್ಯಶ್ ಎನ್ನುವುದು. ಇದನ್ನೂ ಉಳಿದ ಹಾರುಬೂದಿಯನ್ನೂ ನೀರಿನಲ್ಲಿ ಕಲಸಿ ಹೊಂಡಕ್ಕೆ ಬಿಟ್ಟಾಗ ಆಗುವುದು ಹೊಂಡದ ಬೂದಿ. ಟ್ರ್ಯಾಕ್ಟರಿನಲ್ಲಿ ಅಗ್ಗಕ್ಕೆ ಮನೆಬಾಗಿಲಿಗೆ ಬರುವುದು ಬಹುಪಾಲು ಈ ಹೊಂಡದ ಬೂದಿಯೇ. ಪೈಪಿನ ಬಾಯಿಯ ಹತ್ತಿರ ದಪ್ಪ ಕಣ, ದೂರದಲ್ಲಿ ನುಣ್ಣನೆಯ ಕಣ. ಒಂದೇ ಹೊಂಡದಲ್ಲಿ ಒಂದೊಂದು ಕಡೆ ಒಂದೊಂದು ಗುಣ. ಅದನ್ನು ಸಿಮೆಂಟಿನ ಬದಲು ಹಾಕುವುದು ತಪ್ಪು. ಸಿಮೆಂಟಿನ ಜಾಗಕ್ಕೆ ಬರುವ ಬೂದಿ ಐಎಸ್ 3812ರ ಮೊದಲ ಭಾಗಕ್ಕೆ ಹೊಂದಬೇಕು: ನುಣುಪು ಕಿಲೋಗೆ 320 ಚದರ ಮೀಟರಿಗಿಂತ ಕಡಿಮೆ ಇರಬಾರದು, ಸುಟ್ಟಾಗ ಆಗುವ ತೂಕನಷ್ಟ ಶೇ 5 ಮೀರಬಾರದು.

ಗುತ್ತಿಗೆದಾರ, ಸಿಂಧನೂರು

ಹೊಂಡದ ಬೂದಿಯನ್ನು ಸ್ಲ್ಯಾಬಿಗೆ ಯಾರೂ ಹಾಕುವುದಿಲ್ಲ ಸರ್, ಇಟ್ಟಿಗೆಗೆ ಹಾಕುತ್ತಾರೆ.

ಬೂದಿಹೊಂಡದ ಪಕ್ಕದವನು

ಹಾಕುವುದನ್ನು ಕಣ್ಣಾರೆ ಕಂಡಿದ್ದೇನೆ. ಎಲ್ಲಿ, ಯಾರು ಎಂಬುದು ಇಲ್ಲಿ ಬೇಡ. ಚಿಮಟಿಯಷ್ಟು ಬೂದಿ ತೆಗೆದು ಬೆರಳಿನಲ್ಲಿ ಉಜ್ಜಿದಾಗ ಮರಳಿನಂತೆ ಕರಕರ ಎಂದರೆ, ಅಥವಾ ಕಪ್ಪು ಚುಕ್ಕೆಗಳು ಕಂಡರೆ ಲಾರಿಯನ್ನು ವಾಪಸು ಕಳಿಸಿ. ಕಪ್ಪು ಎಂದರೆ ಸುಡದೆ ಉಳಿದ ಇಂಗಾಲ. ಅದು ನೀರನ್ನೂ, ಕಡಿಮೆ ನೀರಿನಲ್ಲೇ ಕಾಂಕ್ರೀಟ್ ಸಲೀಸಾಗಿ ಹರಿಯಲೆಂದು ನೀವು ದುಡ್ಡು ಕೊಟ್ಟು ಹಾಕುವ ಪ್ಲಾಸ್ಟಿಸೈಸರನ್ನೂ ಕುಡಿದುಹಾಕುತ್ತದೆ.

ಮನೆ ಮಾಲೀಕ, ಹೊಸಪೇಟೆ

ಬಾಟಮ್ ಆ್ಯಶ್ ರಂಧ್ರಮಯವಾಗಿದ್ದು ನೀರು ಹಿಡಿಯುವುದಾದರೆ, ಅದನ್ನೇ ನೆನೆಸಿ ಮರಳಿನ ಬದಲು ಹಾಕಬಹುದಲ್ಲವೇ? ಸುಟ್ಟ ಗುಂಡುಜಲ್ಲಿಗಿಂತ ಅದು ಅಗ್ಗ.

ಸಿವಿಲ್ ಉಪನ್ಯಾಸಕಿ

ತತ್ವದಲ್ಲಿ ಹೌದು. ಪ್ರಯೋಗಾಲಯಗಳಲ್ಲಿ ಮರಳಿನ ಒಂದು ಪಾಲನ್ನು ನೆನೆಸಿದ ಬಾಟಮ್ ಆ್ಯಶಿನಿಂದ ತುಂಬಿದಾಗ ಒಳಗಿನ ತೇವ ಹೆಚ್ಚು ಕಾಲ ಉಳಿದು, ಕುಗ್ಗುವಿಕೆ ಇಳಿಯುವುದು ಕಂಡುಬರುತ್ತದೆ. ಪಾಲು ಹೆಚ್ಚಿಸುತ್ತ ಹೋದರೆ ಬಲ ಇಳಿಯತೊಡಗುತ್ತದೆ, ಏಕೆಂದರೆ ಕಣವೇ ಟೊಳ್ಳು. ಆದರೆ ನಿಮ್ಮ ಮನೆಯ ಸ್ಲ್ಯಾಬಿಗೆ ಬೇಡ. ಐಎಸ್ 383ರ 2016ರ ಆವೃತ್ತಿ ಕಬ್ಬಿಣದ ಸ್ಲ್ಯಾಗ್, ತಾಮ್ರದ ಸ್ಲ್ಯಾಗ್‌ಗಳಿಗೆ ಕಂಬಿ ಹಾಕಿದ ಕಾಂಕ್ರೀಟಿನಲ್ಲಿ ಮಿತಿಯೊಳಗೆ ಅವಕಾಶ ಕೊಟ್ಟಿದೆ, ಬಾಟಮ್ ಆ್ಯಶನ್ನು ಮಾತ್ರ ಸಿಮೆಂಟು ಕಡಿಮೆಯಿರುವ ಬಡ (ಲೀನ್) ಕಾಂಕ್ರೀಟಿಗಷ್ಟೇ ಬಿಟ್ಟಿದೆ. ಅಂಗಳದ ನೆಲಕ್ಕೆ, ಪಾಯದ ಕೆಳಗಿನ ಬೆಡ್ಡಿಗೆ ಪ್ರಯತ್ನಿಸಬಹುದು.

ಕರಾವಳಿ ಹೆಂಚು

ಮಂಗಳೂರಿನ ಕಡೆಯಿಂದ ಒಂದು ಮಾತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದಂದಿನಿಂದ ಒಡೆದ, ಸೊಟ್ಟಾದ ಹೆಂಚಿನ ರಾಶಿ ಕಾರ್ಖಾನೆಗಳ ಹಿತ್ತಲಿನಲ್ಲಿ ಇದ್ದೇ ಇದೆ. ಹೆಂಚಿನ ಜೇಡಿ ಸುಟ್ಟ ಮೇಲೂ ನೀರು ಕುಡಿಯುತ್ತದೆ. ಮಳೆಗಾಲದಲ್ಲಿ ಇಲ್ಲಿನ ಮಾಡಿನ ಹೆಂಚನ್ನು ಎತ್ತಿ ನೋಡಿದವರಿಗೆ ಅದರ ಭಾರ ಗೊತ್ತು. ಜಪಾನಿನಲ್ಲಿ ಹೆಂಚು ಮತ್ತು ಪಿಂಗಾಣಿ ಕಾರ್ಖಾನೆಗಳ ಚೂರನ್ನು ಜಲ್ಲಿಗಾತ್ರಕ್ಕೆ ಒಡೆದು ನೆನೆಸಿ, ಹೆಚ್ಚು ಬಲದ ಕಾಂಕ್ರೀಟಿನಲ್ಲಿ ಒಳಗಿನ ಕ್ಯೂರಿಂಗಿಗೆ ಬಳಸಿ ಒಳ್ಳೆಯ ಫಲ ಕಂಡಿದ್ದಾರೆ. ನಮ್ಮಲ್ಲಿ ಅದೇ ಚೂರನ್ನು ಗುಂಡಿ ಮುಚ್ಚಲು ಸುರಿಯುತ್ತೇವೆ. ಇದು ನನಗೆ ಬಹಳ ನೋವಿನ ವಿಷಯ.

ಹಳೆಯ ಪಿಡಬ್ಲ್ಯುಡಿ

ಹೆಂಚು-ಇಟ್ಟಿಗೆ ಪುಡಿಯ ಮಾತು ಬಂದಾಗ ಸುರ್ಕಿ ಗಾರೆಯನ್ನು ನೆನೆಯದೆ ಇರುವುದು ಹೇಗೆ? ಕೃಷ್ಣರಾಜಸಾಗರದ ಅಣೆಕಟ್ಟು ನಿಂತಿರುವುದು ಸುರ್ಕಿಯ ಮೇಲೆ. ಸುಟ್ಟ ಜೇಡಿಯ ಪುಡಿ ಸುಣ್ಣವನ್ನು ಹಿಡಿದು ಗಟ್ಟಿಯಾಗುವ ಕ್ರಿಯೆ, ಮೇಡಂ ಮೇಲೆ ಹಾರುಬೂದಿಗೆ ಹೇಳಿದ ಕ್ರಿಯೆಯೇ. ಆ ಕಾಲದ ಗಾರೆಯವರು ಕೆಲಸವನ್ನು ವಾರಗಟ್ಟಲೆ ಒದ್ದೆಯಾಗಿ ಇಡುತ್ತಿದ್ದರು, ಇಟ್ಟಿಗೆಯನ್ನು ನೆನೆಸದೆ ಗೋಡೆಗೆ ಏರಿಸುತ್ತಿರಲಿಲ್ಲ. ಒಣ ಇಟ್ಟಿಗೆ ಗಾರೆಯ ನೀರನ್ನು ಎಳೆದುಕೊಳ್ಳುತ್ತದೆ, ನೆನೆದ ಇಟ್ಟಿಗೆ ಗಾರೆಗೆ ನೀರು ಕೊಡುತ್ತದೆ ಎಂಬುದು ಅವರಿಗೆ ಕೈಯಲ್ಲೇ ತಿಳಿದಿತ್ತು.

ಗಂಗಾವತಿ ರೈಸ್‌ಮಿಲ್

ನಮ್ಮ ಕಡೆ ಗಂಗಾವತಿ, ಕಾರಟಗಿ, ಸಿಂಧನೂರುಗಳ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಸುಟ್ಟ ಬೂದಿ ಗುಡ್ಡೆಗುಡ್ಡೆಯಾಗಿ ಬೀಳುತ್ತದೆ. ಅದನ್ನೂ ಕಾಂಕ್ರೀಟಿಗೆ ಹಾಕಬಹುದು ಎಂದು ಓದಿದ್ದೆ. ಈ ಕೆಲಸಕ್ಕೆ ಬರುತ್ತದೆಯೇ?

ಸಿವಿಲ್ ಉಪನ್ಯಾಸಕಿ

ಬರುತ್ತದೆ, ಮತ್ತು ಇದು ನನಗೆ ಬಹಳ ಇಷ್ಟದ ವಸ್ತು. ಹೊಟ್ಟಿನ ಬೂದಿಯಲ್ಲಿ ಶೇ 85ರಿಂದ 90ರಷ್ಟು ಸಿಲಿಕಾ ಇರುತ್ತದೆ. ಕಣದ ಒಳಗೆಲ್ಲ ಅತಿಸೂಕ್ಷ್ಮ ರಂಧ್ರಗಳಿರುತ್ತವೆ. ಹೀಗಾಗಿ ನಾನು ಮೇಲೆ ಹೇಳಿದ ಎರಡೂ ಕೆಲಸಗಳನ್ನು ಅದೊಂದೇ ಮಾಡುತ್ತದೆ: ಸಿಮೆಂಟಿನ ಸುಣ್ಣದೊಡನೆ ವರ್ತಿಸುತ್ತದೆ, ರಂಧ್ರದಲ್ಲಿ ನೀರನ್ನೂ ಹಿಡಿದಿಡುತ್ತದೆ. ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಅತ್ಯಧಿಕ ಬಲದ ಕಾಂಕ್ರೀಟಿನಲ್ಲಿ ಸಿಲಿಕಾ ಫ್ಯೂಮಿನ ಬದಲು ಇದನ್ನು ಬಳಸಿ, ಒಳಗಿನ ತೇವ ಹೆಚ್ಚು ಕಾಲ ಉಳಿಯುವುದನ್ನು ತೋರಿಸಿದ್ದಾರೆ.

ತೊಡಕು ಸುಡುವ ಬಗೆಯಲ್ಲಿದೆ. 500ರಿಂದ 700 ಡಿಗ್ರಿಯ ಆಸುಪಾಸಿನಲ್ಲಿ ಹದವಾಗಿ ಸುಟ್ಟರೆ ಸಿಲಿಕಾ ವರ್ತಿಸುವ ಸ್ಥಿತಿಯಲ್ಲಿ ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಕಾದರೆ ಹರಳುಗಟ್ಟಿ ಜಡವಾಗುತ್ತದೆ, ಕಡಿಮೆಯಾದರೆ ಇಂಗಾಲ ಉಳಿದು ಕಪ್ಪಾಗುತ್ತದೆ. ಗಿರಣಿಯ ಬಾಯ್ಲರಿಗೆ ಬೇಕಾಗಿರುವುದು ಹಬೆ. ಬೂದಿಯ ಹದವನ್ನು ಅಲ್ಲಿ ಯಾರೂ ನೋಡುವುದಿಲ್ಲ. ನಿಮ್ಮ ಬೂದಿಯನ್ನು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪರೀಕ್ಷೆ ಮಾಡಿಸಿ ನೋಡಿ.

ಗಂಗಾವತಿ ರೈಸ್‌ಮಿಲ್

ನಮ್ಮದು ಕಡುಕಪ್ಪು. ಆದರೂ ಮಾಡಿಸುತ್ತೇನೆ ಮೇಡಂ.

ಪ್ಲಾಂಟ್ ಕ್ಯೂಸಿ, ಬೆಂಗಳೂರು

ಮಕ್ಕಳ ಡೈಪರಿನಲ್ಲಿರುವ ಹೀರುಪುಡಿಯನ್ನು ಹಾಕಿದರೆ ಸಾಕಲ್ಲ, ಬೂದಿ ಜಲ್ಲಿ ಯಾಕೆ ಎಂದು ಕೆಲವರು ಕೇಳುತ್ತಾರೆ. ಅದೂ ಇದೆ. 2006ರ ವಿಶ್ವಕಪ್ ಫುಟ್ಬಾಲಿಗಾಗಿ ಜರ್ಮನಿಯ ಕೈಸರ್ಸ್‌ಲೌಟರ್ನ್‌ನಲ್ಲಿ ಕಟ್ಟಿದ ಒಂದು ತೆಳುಗೋಡೆಯ ಮಂಟಪಕ್ಕೆ ಅದನ್ನೇ ಬಳಸಿದ್ದರು. ಆದರೆ ನಲ್ಲಿ ನೀರಿನಲ್ಲಿ ನೂರಾರು ಪಟ್ಟು ಉಬ್ಬುವ ಈ ಪುಡಿ ಸಿಮೆಂಟಿನ ಕ್ಷಾರದ, ಕ್ಯಾಲ್ಸಿಯಂ ತುಂಬಿದ ನೀರಿನಲ್ಲಿ ಹತ್ತಿಪ್ಪತ್ತು ಪಟ್ಟು ಮಾತ್ರ ಉಬ್ಬುತ್ತದೆ. ಬಟ್ಟಲು ನೀರಿನಲ್ಲಿ ಹಾಕಿ ತೋರಿಸುವ ವಿಡಿಯೋ ನೋಡಿ ಯಾರೂ ಪ್ರಮಾಣ ನಿರ್ಧರಿಸಬಾರದು.

ಕೃಷ್ಣಾತೀರ

ಇಷ್ಟೆಲ್ಲ ಓದಿದ ಮೇಲೆ ಒಂದು ವಿಷಯ ಕೇಳಬೇಕು. ನಮ್ಮಲ್ಲಿ ತಂದಿಟ್ಟಿರುವ ಸಿಮೆಂಟಿನ ಚೀಲದ ಮೇಲೆ ಪಿಪಿಸಿ ಎಂದಿದೆ. ಅದಕ್ಕೂ ಬೂದಿಗೂ ಸಂಬಂಧವಿದೆಯೇ?

ಪ್ಲಾಂಟ್ ಕ್ಯೂಸಿ, ಬೆಂಗಳೂರು

ಇದನ್ನು ಮೊದಲೇ ಕೇಳಬೇಕಿತ್ತು! ಪಿಪಿಸಿ ಎಂದರೆ ಬೂದಿ ಸೇರಿಸಿಯೇ ಅರೆದ ಸಿಮೆಂಟು. ಐಎಸ್ 1489ರ ಪ್ರಕಾರ ಅದರಲ್ಲಿ ಶೇ 15ರಿಂದ 35ರಷ್ಟು ಹಾರುಬೂದಿ ಇರಬಹುದು. ನಿಮ್ಮ ಚೀಲದಲ್ಲಿ ಶೇ 30 ಇದೆ ಎಂದುಕೊಳ್ಳಿ. ಅದರಲ್ಲಿ ಮೂರನೇ ಒಂದು ಪಾಲು ತೆಗೆದು ಮತ್ತೆ ಬೂದಿ ಹಾಕಿದರೆ ಒಟ್ಟು ಬೂದಿ ಶೇ 53 ದಾಟುತ್ತದೆ, ನಿಜವಾದ ಸಿಮೆಂಟು ಅರ್ಧಕ್ಕಿಂತ ಕಡಿಮೆ. ಅಷ್ಟು ಬೂದಿಗೆ ಹಿಡಿಯಲು ಸುಣ್ಣವೇ ಸಾಲದು. ಅದರ ಮೇಲೆ ನೀರೂ ಹಾಯಿಸದಿದ್ದರೆ ಆ ಸ್ಲ್ಯಾಬಿಗೆ ನಾನು ಸಹಿ ಹಾಕುವುದಿಲ್ಲ.

ಸೈಟಿನಲ್ಲಿ ಬಾಂಡ್ಲಿ ಲೆಕ್ಕದಲ್ಲಿ ಬೂದಿ ಬೆರೆಸುವುದನ್ನು ದಯವಿಟ್ಟು ಒಪ್ಪಬೇಡಿ. ಪಿಪಿಸಿಯನ್ನು ಹಾಗೆಯೇ ಬಳಸಿ. ಉಪೋತ್ಪನ್ನದ ಲಾಭ ನಿಮಗೆ ಚೀಲದಲ್ಲೇ ಬಂದಿದೆ.

ಗುತ್ತಿಗೆದಾರ, ಸಿಂಧನೂರು

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನಾವು ಬೂದಿ ಹಾಕುವುದು 53 ದರ್ಜೆಯ ಸಾಮಾನ್ಯ ಸಿಮೆಂಟು ತಂದಾಗ ಮಾತ್ರ. ಆದರೆ ನೀರಿನ ಪ್ರಶ್ನೆ ಹಾಗೆಯೇ ಉಳಿಯಿತಲ್ಲ? 1,000 ಚದರಡಿಯ ಮೇಲೆ ಎರಡಂಗುಲ ನೀರು ನಿಲ್ಲಿಸಲು ಒಂದು ಸಲಕ್ಕೇ 4,700 ಲೀಟರ್ ಬೇಕು. ದಿನಕ್ಕೆ 8 ಮಿಲಿಮೀಟರು ಹಾರಿಹೋದರೆ ಮತ್ತೆ ದಿನಾ 750 ಲೀಟರ್ ತುಂಬಬೇಕು. ಪಾತಿ ಸೋರುವುದು ಬೇರೆ. ಹಳ್ಳಿಯವರು ಎಲ್ಲಿಂದ ತರಬೇಕು?

ಸಿವಿಲ್ ಉಪನ್ಯಾಸಕಿ

ನ್ಯಾಯವಾದ ಪ್ರಶ್ನೆ. ಪಾತಿ ಕಟ್ಟುವುದೊಂದೇ ದಾರಿಯಲ್ಲ. ಐಎಸ್ 456 ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸುವುದನ್ನೂ ಒಪ್ಪುತ್ತದೆ. ಮೇಲ್ಮೈ ಬೆರಳಿಗೆ ಒತ್ತಿದರೆ ಇಳಿಯದಷ್ಟು ಗಟ್ಟಿಯಾದ ಕೂಡಲೇ ಒದ್ದೆ ಗೋಣಿಚೀಲ ಹಾಸಿ, ಅದರ ಮೇಲೆ ದಪ್ಪ ಪಾಲಿಥೀನ್ ಹಾಳೆ ಹೊದಿಸಿ, ಅಂಚುಗಳ ಮೇಲೆ ಮರಳಿನ ಚೀಲ ಸಾಲಾಗಿ ಇಡಿ. ಗಾಳಿ ಒಳಗೆ ನುಗ್ಗದಿದ್ದರೆ ಆವಿಯೆಲ್ಲ ಹಾಳೆಯ ಕೆಳಮೈಗೆ ಹನಿಗಟ್ಟಿ ಮತ್ತೆ ಗೋಣಿಗೇ ಇಳಿಯುತ್ತದೆ. ದಿನಕ್ಕೊಮ್ಮೆ ಒಂದು ಮೂಲೆ ಎತ್ತಿ ನೋಡಿ, ಗೋಣಿ ಒಣಗಿದ್ದರೆ ಮಾತ್ರ ಕೆಲವು ಕೊಡ ಚಿಮುಕಿಸಿ. ಪಾತಿಗೆ ಬೇಕಾದ ನೀರಿನ ಸಣ್ಣ ಪಾಲು ಸಾಕಾಗುತ್ತದೆ.

ಮನೆ ಮಾಲೀಕ, ಹೊಸಪೇಟೆ

ಮೇಣದಂತೆ ಸಿಂಪಡಿಸುವ ಕ್ಯೂರಿಂಗ್ ಕಾಂಪೌಂಡ್ ಆಗುವುದಿಲ್ಲವೇ?

ಪ್ಲಾಂಟ್ ಕ್ಯೂಸಿ, ಬೆಂಗಳೂರು

ಆಗುತ್ತದೆ, ಆದರೆ ಅದು ಹೊರಗೆ ಸಿಂಪಡಿಸುವ ಪದರ. ಡಬ್ಬಿಯ ‘ಸೆಲ್ಫ್ ಕ್ಯೂರಿಂಗ್’ ಒಳಗೆ ಬೆರೆಸುವ ದ್ರವ. ಅಂಗಡಿಯಲ್ಲಿ ಒಂದನ್ನು ಕೇಳಿದರೆ ಇನ್ನೊಂದನ್ನು ಕೊಡುವುದುಂಟು. ಮೇಣದ ಪದರದ ಮೇಲೆ ಮುಂದೆ ಗಾರೆ, ಟೈಲ್ಸು, ವಾಟರ್‌ಪ್ರೂಫಿಂಗ್ ಸರಿಯಾಗಿ ಹಿಡಿಯುವುದಿಲ್ಲ ಎಂಬುದನ್ನೂ ನೆನಪಿಡಿ.

ಹಳೆಯ ಪಿಡಬ್ಲ್ಯುಡಿ

ಯಾರು ಏನೇ ಹೇಳಲಿ, ಬಲ ಪರೀಕ್ಷಿಸುವ ಕಾಂಕ್ರೀಟಿನ ಅಚ್ಚುಗಳನ್ನು, ಅಂದರೆ ಕ್ಯೂಬ್ ಹಾಕಿಸಿ. ಸ್ಲ್ಯಾಬಿನ ದಿನವೇ ಅದೇ ಕಾಂಕ್ರೀಟಿನಿಂದ ಕೆಲವನ್ನು ನೀರಿನ ತೊಟ್ಟಿಯಲ್ಲಿಟ್ಟು, ಕೆಲವನ್ನು ಸ್ಲ್ಯಾಬಿನ ಪಕ್ಕದಲ್ಲೇ ಅದೇ ಹಾಳೆಯ ಕೆಳಗೆ ಇಡಿ. 28 ದಿನಕ್ಕೆ ಎರಡನ್ನೂ ಒಡೆಸಿದರೆ ನಿಮ್ಮ ಕ್ಯೂರಿಂಗ್ ಹೇಗಿತ್ತೆಂದು ತಿಳಿಯುತ್ತದೆ.

ಸಿವಿಲ್ ಉಪನ್ಯಾಸಕಿ

ಒಳ್ಳೆಯ ಸಲಹೆ ಸರ್. ಆದರೂ ಕ್ಯೂಬಿನ ಬಲ ಚೆನ್ನಾಗಿ ಬಂದರೆ ಎಲ್ಲವೂ ಸರಿ ಎಂದು ತಿಳಿಯಬಾರದು. ಕ್ಯೂರಿಂಗ್ ಕೆಟ್ಟರೆ ಮೊದಲು ಹಾಳಾಗುವುದು ಹೊರಗಿನ 20-30 ಮಿಲಿಮೀಟರು, ಅಂದರೆ ಕಂಬಿಯನ್ನು ಕಾಯುವ ಹೊದಿಕೆಯೇ. ಬೂದಿ ಅಥವಾ ಸ್ಲ್ಯಾಗ್ ಇರುವ ಕಾಂಕ್ರೀಟಿನಲ್ಲಿ ಸುಣ್ಣದ ಪಾಲು ಮೊದಲೇ ಕಡಿಮೆ. ಹೊದಿಕೆ ಒಣಗಿ ರಂಧ್ರಮಯವಾಗಿಯೇ ಉಳಿದರೆ ಗಾಳಿಯ ಇಂಗಾಲದ ಡೈಆಕ್ಸೈಡು ಬೇಗ ಒಳನುಗ್ಗಿ ಕಂಬಿಯ ರಕ್ಷಣೆ ತಪ್ಪುತ್ತದೆ. ತುಕ್ಕು ಹೊರಗೆ ಕಾಣುವುದು ವರ್ಷಗಳ ನಂತರ. ಆಗ ಬೂದಿಯನ್ನು ಬೈಯುತ್ತಾರೆ, ಕ್ಯೂರಿಂಗ್ ಯಾರಿಗೂ ನೆನಪಿರುವುದಿಲ್ಲ. ಉಪೋತ್ಪನ್ನಗಳಿಗೆ ಕೆಟ್ಟ ಹೆಸರು ಬರುತ್ತಿರುವುದೇ ಹೀಗೆ.

ಬೂದಿಹೊಂಡದ ಪಕ್ಕದವನು

ನಿಜ ಮೇಡಂ. 2021ರ ಡಿಸೆಂಬರಿನ ಕೇಂದ್ರ ಅಧಿಸೂಚನೆಯ ಪ್ರಕಾರ ಶಾಖೋತ್ಪನ್ನ ಕೇಂದ್ರಗಳು ಬೂದಿಯನ್ನು ಪೂರ್ತಿ ಬಳಕೆಗೆ ಕೊಡಲೇಬೇಕು. ಕೊಡುವ ಅವಸರದಲ್ಲಿ ಯಾವ ಬೂದಿ ಯಾವುದಕ್ಕೆ ಎಂಬ ವಿವೇಚನೆ ತಪ್ಪಬಾರದು. ಬೇಸಿಗೆಯ ಗಾಳಿಗೆ ಹೊಂಡದಿಂದ ಎದ್ದ ಬೂದಿ ನಮ್ಮ ಹೊಲದ ಬೆಳೆಯ ಮೇಲೆ ಕೂರುತ್ತದೆ. ಅದು ಗುಂಡುಜಲ್ಲಿಯಾಗಿ ಯಾರದೋ ಕಟ್ಟಡದೊಳಗೆ ನೀರು ಹಿಡಿದು ಕೂತರೆ ನಮಗಿಂತ ಸಂತೋಷಪಡುವವರು ಯಾರೂ ಇಲ್ಲ.

ಕೃಷ್ಣಾತೀರ

ಎಲ್ಲರಿಗೂ ಧನ್ಯವಾದ. ಗುತ್ತಿಗೆದಾರರೊಡನೆ ಕೂತು ಮಾತಾಡಿದೆ. ಪಿಪಿಸಿಗೆ ಮತ್ತೆ ಬೂದಿ ಬೆರೆಸುವುದಿಲ್ಲ, ಸ್ಲ್ಯಾಬನ್ನು ಸಂಜೆ ಬಿಸಿಲಿಳಿದ ಮೇಲೆ ಶುರುಮಾಡುತ್ತೇವೆ, ಗೋಣಿ ಮತ್ತು ಹಾಳೆ ಹೊದಿಸಿ 14 ದಿನ ಕಾಯುತ್ತೇವೆ ಎಂದು ತೀರ್ಮಾನವಾಯಿತು. ಅಂಗಳದ ನೆಲಕ್ಕೆ ಮಾತ್ರ ನೆನೆಸಿದ ಬಾಟಮ್ ಆ್ಯಶ್ ಹಾಕಿ ನೋಡುವ ಆಸೆಯಿದೆ. ಕೊನೆಯದಾಗಿ ಒಂದು ಪ್ರಶ್ನೆ: ಸೆಂಟ್ರಿಂಗ್ ಯಾವಾಗ ಬಿಚ್ಚಬಹುದು? ಅವರು ಏಳನೇ ದಿನಕ್ಕೆ ಎನ್ನುತ್ತಿದ್ದಾರೆ.

ಹಳೆಯ ಪಿಡಬ್ಲ್ಯುಡಿ

ಏಳು ದಿನ ಎನ್ನುವುದು 4.5 ಮೀಟರಿನವರೆಗಿನ ಅಂತರದ ಸ್ಲ್ಯಾಬಿಗೆ, ಅದೂ ಸಾಮಾನ್ಯ ಸಿಮೆಂಟಿಗೆ. ಅದಕ್ಕಿಂತ ದೊಡ್ಡ ಅಂತರಕ್ಕೆ 14 ದಿನ. ನಿಮ್ಮದು ಪಿಪಿಸಿ, ಮೊದಲ ದಿನಗಳಲ್ಲಿ ಬಲ ನಿಧಾನವಾಗಿ ಏರುತ್ತದೆ. ಹಾಳೆ ತೆಗೆಯುವ ದಿನವೇ ಆಸರೆಯ ಕಂಬಗಳನ್ನೂ ತೆಗೆಸಿ, ಅದಕ್ಕೆ ಮೊದಲು ಬೇಡ. ತೆಗೆಯುವಾಗ ಸ್ಲ್ಯಾಬಿನ ನಡುವಿನಿಂದ ಶುರುಮಾಡಿ ಗೋಡೆಯ ಕಡೆಗೆ ಬರಲು ಹೇಳಿ. ಬಾಲ್ಕನಿ ಅಥವಾ ಸಜ್ಜಾ ಇದ್ದರೆ ಅದರ ತುದಿಯಿಂದ ಗೋಡೆಯ ಕಡೆಗೆ.